ತೋಟದ ಮಳೆ ಪುಸ್ತಕಕ್ಕೂ ಹವಾಮಾನ ಸಂಶೋಧನೆಗೂ ತಾಳೆಯಾಗುತ್ತಿಲ್ಲ, ತಪ್ಪು ಎಲ್ಲಿ?

ಪ್ರಶ್ನೆ: ಮಂಜಿನಹನಿ

ಸಕಲೇಶಪುರದ ಪಶ್ಚಿಮಕ್ಕೆ, ಘಟ್ಟದ ಅಂಚಿನ ಕಾಫಿ ತೋಟವೊಂದರ ಮಳೆ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿದ್ದಾಗಿದೆ. 1961ರಿಂದ 2023ರವರೆಗೆ ದಿನದಿನದ ಲೆಕ್ಕ, ಇಂಚು–ಸೆಂಟಿನಲ್ಲಿ. ತಿಳಿಯಬೇಕಾದ್ದು ಇಷ್ಟೇ: ಈ 63 ವರ್ಷದಲ್ಲಿ ಮಳೆ ನಿಜಕ್ಕೂ ಬದಲಾಗಿದೆಯಾ? ಬದಲಾಗಿದ್ದರೆ ಪ್ರಕಟವಾದ ಸಂಶೋಧನೆಗಳು ಹೇಳುವುದಕ್ಕೂ ಅದಕ್ಕೂ ಹೊಂದಿಕೆ ಇದೆಯಾ?

ಎಡವುತ್ತಿರುವುದು ಮೂರು ಕಡೆ.

ವಾರ್ಷಿಕ ಮೊತ್ತಕ್ಕೆ ಎಕ್ಸೆಲ್‌ನಲ್ಲಿ ಟ್ರೆಂಡ್‌ಲೈನ್ ಎಳೆದರೆ ಗೆರೆ ಕೆಳಗೆ ಇಳಿಯುತ್ತದೆ, ಆದರೆ ಚುಕ್ಕಿಗಳು ಗೆರೆಯ ಸುತ್ತ ಎಲ್ಲೆಂದರಲ್ಲಿ ಚೆಲ್ಲಿವೆ. ಅದನ್ನು ನಂಬಬಹುದಾ?

ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಪಶ್ಚಿಮ ಘಟ್ಟದಲ್ಲಿ ಮುಂಗಾರು ಇಳಿದಿದೆ ಅನ್ನುತ್ತದೆ. ಇನ್ನೊಂದು ಕಡೆ ‘ಅತಿಮಳೆ ಮೂರು ಪಟ್ಟಾಗಿದೆ’ ಅಂತ ಪತ್ರಿಕೆಗಳಲ್ಲಿ ಬರುತ್ತದೆ. ಎರಡೂ ಒಟ್ಟಿಗೆ ಹೇಗೆ ಸರಿಯಾಗುತ್ತವೆ?

ಹವಾಮಾನ ಇಲಾಖೆಯ ಗ್ರಿಡ್ ದತ್ತಾಂಶ (ನಕ್ಷೆಯನ್ನು ಚೌಕ ಮನೆಗಳಾಗಿ ಹಂಚಿ ಒಂದೊಂದು ಮನೆಗೂ ಕೊಟ್ಟ ಮಳೆ) ಇಳಿಸಿಕೊಂಡು ಹೋಲಿಸಿದರೆ, ಅದರಲ್ಲಿರುವ ಮಳೆ ಪುಸ್ತಕದ ಮಳೆಗಿಂತ ಬಹಳ ಕಡಿಮೆ. ಯಾವುದನ್ನು ಬಿಡಬೇಕು?

---

ಉತ್ತರ: ಅಳತೆಗಾಜು

ಗೆರೆ ಎಳೆಯೋದು ಕೊನೇ ಕೆಲಸ. ಮೊದಲು ಪುಸ್ತಕವನ್ನೇ ಅನುಮಾನದಿಂದ ನೋಡಿ. ತೋಟದ ದಾಖಲೆಗಳಲ್ಲಿ ಹವಾಮಾನ ಬದಲಾವಣೆಗಿಂತ ಮೊದಲು ಸಿಗೋದು ಅಳತೆಯ ಬದಲಾವಣೆ. ಹಳೇ ಪುಸ್ತಕಗಳಲ್ಲಿ ಪದೇ ಪದೇ ಸಿಗುವ ತಪ್ಪುಗಳು ಇವು.

ಸೆಂಟಿನ ಗೊಂದಲ. 100 ಸೆಂಟು ಅಂದರೆ ಒಂದು ಇಂಚು, 25.4 ಮಿ.ಮೀ. ‘1-5’ ಅಂತ ಬರೆದಿದ್ದರೆ ಅದು ಒಂದು ಇಂಚು ಐದು ಸೆಂಟು, ಅಂದರೆ 26.7 ಮಿ.ಮೀ. ಟೈಪ್ ಮಾಡುವವರು ಅದನ್ನು 1.5 ಅಂದುಕೊಂಡರೆ 38.1 ಆಗಿಬಿಡುತ್ತದೆ. ಪತ್ತೆ ಹಚ್ಚೋದು ಸುಲಭ. ದಶಮಾಂಶದ ನಂತರ ಒಂದೇ ಅಂಕಿ ಇರುವ ಎಲ್ಲ ನಮೂದುಗಳನ್ನು ಸೋಸಿ ಮೂಲ ಪುಟದ ಜೊತೆ ಇಟ್ಟು ನೋಡಿ. ತೋಟದ ಲೆಕ್ಕ ಬರೆಯುವ ಒಬ್ಬ ರೈಟರ್ ‘1-05’ ಅಂತ ಬರೆದಿರುತ್ತಾರೆ, ಮುಂದೆ ಬಂದವರು ‘1-5’. ಹಾಗಾಗಿ ಕೈಬರಹ ಬದಲಾದ ಪುಟಗಳನ್ನು ಗುರುತು ಹಾಕಿಟ್ಟುಕೊಳ್ಳಿ.

ಖಾಲಿ ಜಾಗ. ಬರೆಯದೇ ಬಿಟ್ಟದ್ದು ಸೊನ್ನೆಯೋ, ಅಳೆಯದೇ ಇದ್ದದ್ದೋ? ಬೇಸಿಗೆಯಲ್ಲಿ ಖಾಲಿ ಎಂದರೆ ಬಹುಪಾಲು ಸೊನ್ನೆ. ಜುಲೈಯಲ್ಲಿ ನಾಲ್ಕು ದಿನ ಖಾಲಿ ಬಿಟ್ಟು ಐದನೇ ದಿನ ಹತ್ತು ಇಂಚು ಅಂತಿದ್ದರೆ ಅದು ಐದು ದಿನದ ಮಳೆ. ಒಂದು ದಿನದ ಅತಿಮಳೆ ಅಂತ ಎಣಿಸಿದರೆ ಲೆಕ್ಕವೆಲ್ಲ ಕೆಡುತ್ತದೆ. ಇದಕ್ಕೊಂದು ಪರೀಕ್ಷೆ ಇದೆ. ಮಳೆಯ ದಿನಗಳನ್ನು ವಾರದ ದಿನಗಳಿಗೆ ಹಂಚಿ ಎಣಿಸಿ. ಮೋಡಕ್ಕೆ ಭಾನುವಾರ ಗೊತ್ತಿಲ್ಲ. ಭಾನುವಾರ ಮಳೆ ದಿನ ಕಡಿಮೆ, ಸೋಮವಾರ ಭಾರಿ ಮಳೆ ಹೆಚ್ಚು ಅಂತ ಬಂದರೆ ರಜೆಯ ಮಳೆ ಮರುದಿನದ ಖಾತೆಗೆ ಹೋಗಿದೆ.

ಕೊಳವೆ ಮತ್ತು ಅಳತೆಗಾಜು (ಮಾಪಕದಲ್ಲಿ ಬಿದ್ದ ನೀರನ್ನು ಸುರಿದು ಮಳೆ ಓದುವ ಗುರುತಿನ ಗಾಜು). ಹಳೇ ಸೈಮನ್ಸ್ ಮಾಪಕದ ಬಾಯಿ 5 ಇಂಚು ಅಗಲ, ವಿಸ್ತೀರ್ಣ ಸುಮಾರು 126.7 ಚದರ ಸೆಂ.ಮೀ. ಅದರಲ್ಲಿ 1 ಮಿ.ಮೀ. ಮಳೆ ಅಂದರೆ 12.7 ಮಿ.ಲೀ. ನೀರು. ಆಮೇಲೆ ಬಂದ ಫೈಬರ್ ಮಾಪಕದ ಬಾಯಿ 200 ಚದರ ಸೆಂ.ಮೀ. ಇದ್ದರೆ 1 ಮಿ.ಮೀ.ಗೆ 20 ಮಿ.ಲೀ. ಹಳೇ ಗಾಜನ್ನೇ ಹೊಸ ಮಾಪಕಕ್ಕೆ ಬಳಸಿದರೆ ಮಳೆ ಶೇ. 58ರಷ್ಟು ಜಾಸ್ತಿ ತೋರಿಸುತ್ತದೆ. ಹೊಸ ಗಾಜನ್ನು ಹಳೇ ಮಾಪಕಕ್ಕೆ ಬಳಸಿದರೆ ಶೇ. 37ರಷ್ಟು ಕಡಿಮೆ. ಗಾಜು ಒಡೆದು ಹೊಸದು ತಂದ ವರ್ಷ ಯಾವುದು ಅನ್ನೋದು ಪುಸ್ತಕದಲ್ಲಿ ಸಿಗದಿದ್ದರೆ ತೋಟದ ಖರ್ಚಿನ ವೋಚರಲ್ಲಿ ಹುಡುಕಿ.

ಬಾಟಲಿ ತುಂಬಿ ಹರಿಯುವುದು. 200 ಚ.ಸೆಂ.ಮೀ. ಬಾಯಿಗೆ 4 ಲೀಟರ್ ಬಾಟಲಿ ಇದ್ದರೆ ಅದು ಹಿಡಿಯೋದು 200 ಮಿ.ಮೀ. ಮಾತ್ರ. ಸೈಮನ್ಸ್ ಬಾಟಲಿಗೆ 75ರಿಂದ 100 ಮಿ.ಮೀ. ಆದರೆ ಮುಗಿಯಿತು, ಆಗ ದಿನಕ್ಕೆ ಮೂರು ನಾಲ್ಕು ಸಲ ಅಳೆಯಬೇಕು. ನಿಮ್ಮ ಪುಸ್ತಕದ ಅತಿ ದೊಡ್ಡ ಮಳೆಗಳೆಲ್ಲ ಒಂದೇ ಅಂಕಿಯ ಹತ್ತಿರ ಗುಂಪುಗಟ್ಟಿ ನಿಂತಿದ್ದರೆ ಅದು ಮೋಡದ ಮಿತಿಯಲ್ಲ, ಬಾಟಲಿಯ ಮಿತಿ. ಮುಂದೆ ದೊಡ್ಡ ಮಾಪಕ ಬಂದಾಗ ‘ಅತಿಮಳೆ ಹೆಚ್ಚಾಯಿತು’ ಅಂತ ಸುಳ್ಳು ಏರಿಕೆ ಕಾಣುತ್ತದೆ.

ಇನ್ನೊಂದು ತೋಟಗಳದ್ದೇ ವಿಶೇಷ: ನೆರಳು ಮರ. 1961ರಲ್ಲಿ ಬಯಲಲ್ಲಿದ್ದ ಮಾಪಕದ ಪಕ್ಕ 70ರ ದಶಕದಲ್ಲಿ ಸಿಲ್ವರ್ ಓಕ್ ನೆಟ್ಟಿದ್ದರೆ ವರ್ಷ ವರ್ಷಕ್ಕೂ ಮಾಪಕಕ್ಕೆ ಬೀಳುವ ಮಳೆ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತಾ ಬರುತ್ತದೆ. ಗೆರೆ ಇಳಿಯುತ್ತದೆ, ಆದರೆ ಇಳಿದದ್ದು ಮುಂಗಾರಲ್ಲ. ಕೊಂಬೆಯೇ ಬಾಯಿಯ ಮೇಲೆ ಬಂದರೆ ಹನಿ ತೊಟ್ಟಿಕ್ಕಿ ಹೆಚ್ಚೂ ಆಗಬಹುದು. ಮಾಪಕದ ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರಬೇಕು. ಸುತ್ತಲಿನ ಮರ, ಗೋಡೆಗಳು ಅವುಗಳ ಎತ್ತರದ ಕನಿಷ್ಠ ಎರಡು ಪಟ್ಟು ದೂರ ಇರಬೇಕು.

ಇಂಥ ಜಾರುವಿಕೆ ಹಿಡಿಯಲು ಹಳೇ ವಿಧಾನವೇ ಸಾಕು. ಪಕ್ಕದ ಎರಡು ಮೂರು ತೋಟಗಳ ಪುಸ್ತಕ, ಜೊತೆಗೆ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಹತ್ತಿರದ ಮಳೆಮಾಪನ ಕೇಂದ್ರದ ಅಂಕಿ ತೆಗೆದುಕೊಳ್ಳಿ. ಅವುಗಳ ಸರಾಸರಿಯನ್ನು ವರ್ಷದಿಂದ ವರ್ಷಕ್ಕೆ ಕೂಡಿಸುತ್ತಾ ಹೋಗಿ ಅಡ್ಡ ಅಕ್ಷದಲ್ಲಿಡಿ, ನಿಮ್ಮ ತೋಟದ ಮೊತ್ತವನ್ನು ಹಾಗೇ ಕೂಡಿಸಿ ಲಂಬ ಅಕ್ಷದಲ್ಲಿಡಿ. ಎಲ್ಲ ಸರಿ ಇದ್ದರೆ ಚುಕ್ಕಿಗಳು ನೇರ ಸಾಲಾಗಿ ಬರುತ್ತವೆ. ಎಲ್ಲಾದರೂ ಗೆರೆ ಮುರಿದರೆ ಆ ವರ್ಷ ಮಾಪಕ, ಗಾಜು, ಜಾಗ ಅಥವಾ ಬರೆಯುವ ಕೈ ಬದಲಾಗಿದೆ. ಮರ ಬೆಳೆದದ್ದಾದರೆ ಗೆರೆ ಮುರಿಯದೆ ನಿಧಾನಕ್ಕೆ ಬಾಗುತ್ತದೆ.

---

ಉತ್ತರ: ಪೆಟ್ಟಿಗೆಲೆಕ್ಕ

ಗ್ರಿಡ್ ಪ್ರಶ್ನೆಗೆ: ಎರಡನ್ನೂ ಬಿಡಬೇಡಿ. ಎರಡೂ ಅಳೆಯುವುದು ಬೇರೆ ಬೇರೆ ವಸ್ತು.

ಹವಾಮಾನ ಇಲಾಖೆಯ ದೈನಿಕ ಗ್ರಿಡ್ ಕಾಲು ಡಿಗ್ರಿಯದ್ದು, ಅಂದರೆ ಒಂದು ಮನೆ ಸುಮಾರು 27 ಕಿ.ಮೀ. ಅಗಲ. ಘಟ್ಟದ ನೆತ್ತಿಯಿಂದ ಪೂರ್ವಕ್ಕೆ ಅಷ್ಟು ದೂರ ಬರುವಷ್ಟರಲ್ಲಿ ಮಳೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಒಂದೇ ಮನೆಯೊಳಗೆ ಘಟ್ಟದ ಅಂಚೂ ಅರೆಮಲೆನಾಡೂ ಸೇರಿಕೊಂಡಿರುತ್ತವೆ. ಅಂಚಿನ ತೋಟದ ಮಳೆ ಅದಕ್ಕಿಂತ ಹೆಚ್ಚು ಬರಲೇಬೇಕು. ಮೊತ್ತ ಹೋಲಿಸದೆ ಏರಿಳಿತ ಹೋಲಿಸಿ. ಪ್ರತಿ ವರ್ಷದ ಮಳೆಯನ್ನು ಆಯಾ ಸರಣಿಯ 30 ವರ್ಷದ ಸರಾಸರಿಯಿಂದ ಭಾಗಿಸಿ ಶೇಕಡಾವಾರು ಮಾಡಿ, ಆಮೇಲೆ ಎದುರುಬದುರು ಇಡಿ.

ದಿನಾಂಕದಲ್ಲೂ ಒಂದು ಬಲೆ ಇದೆ. ಇಲಾಖೆಯ ಲೆಕ್ಕದಲ್ಲಿ ಇಂದಿನ ಮಳೆ ಅಂದರೆ ಇಂದು ಬೆಳಿಗ್ಗೆ 8.30ಕ್ಕೆ ಮುಗಿದ 24 ಗಂಟೆಯ ಮಳೆ. ತೋಟಗಳಲ್ಲಿ ಬೆಳಿಗ್ಗೆ ಮಸ್ಟರ್ (ಆಳುಗಳ ಹಾಜರಿ) ಹೊತ್ತಿಗೆ ಅಳೆದು, ‘ನಿನ್ನೆ ಬಂದದ್ದು’ ಅಂತ ನಿನ್ನೆಯ ತಾರೀಖಿಗೆ ಬರೆಯುವ ರೂಢಿಯೂ ಇದೆ. ನಿಮ್ಮ ಸರಣಿಯನ್ನು ಒಂದು ದಿನ ಹಿಂದೆ, ಅದೇ ದಿನ, ಒಂದು ದಿನ ಮುಂದೆ ಸರಿಸಿ ಗ್ರಿಡ್ ಜೊತೆ ಸಹಸಂಬಂಧ (ಎರಡೂ ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಅನ್ನುವ ಅಳತೆ) ನೋಡಿ. ಎಲ್ಲಿ ಅತಿ ಹೆಚ್ಚು ಬರುತ್ತದೋ ಅದೇ ನಿಮ್ಮ ಪುಸ್ತಕದ ರೂಢಿ. ಇದನ್ನು ದಶಕ ದಶಕಕ್ಕೆ ಬೇರೆಯಾಗಿ ಮಾಡಿ, ನಡುವೆ ರೂಢಿ ಬದಲಾಗಿರುವುದೂ ಉಂಟು.

ಗ್ರಿಡ್ ಕಡತಗಳನ್ನು ಪೈಥಾನ್‌ನ ಐಎಂಡಿಲಿಬ್‌ನಿಂದ ತೆರೆಯಬಹುದು. ಅದರಲ್ಲಿ –999 ಅಂದರೆ ದತ್ತಾಂಶ ಇಲ್ಲ ಎಂದರ್ಥ. ಅದನ್ನು ತೆಗೆಯದೆ ಕೂಡಿಸಿದರೆ ಮೈನಸ್ ಮಳೆ ಬರುತ್ತದೆ!

ಗ್ರಿಡ್‌ಗೂ ಅದರದೇ ಕಾಯಿಲೆ ಇದೆ. 1901ರಿಂದ ಇದ್ದರೂ ಎಲ್ಲ ವರ್ಷವೂ ಅಷ್ಟೇ ಕೇಂದ್ರಗಳಿಲ್ಲ. ಒಟ್ಟು 6,955 ಕೇಂದ್ರಗಳ ದಾಖಲೆ ಬಳಸಿದ್ದಾರೆ, ಆದರೆ ಒಂದೊಂದು ದಿನ ವರದಿ ಬಂದದ್ದು ಅದಕ್ಕಿಂತ ಕಡಿಮೆ ಕಡೆಯಿಂದ. ಒಂದು ಮನೆಯಲ್ಲಿ ನಾಲ್ಕು ಕೇಂದ್ರ ಇದ್ದದ್ದು ಒಂದಕ್ಕೆ ಇಳಿದರೆ ಸರಾಸರಿ ಸಮತಟ್ಟಾಗುವುದು ನಿಂತು ತುದಿಗಳು ಚೂಪಾಗುತ್ತವೆ. ಅತಿಮಳೆಯ ಏರಿಕೆಯಲ್ಲಿ ಇದರ ಪಾಲೆಷ್ಟು ಅಂತ ಲಿನ್ ಮತ್ತು ಹೈಬರ್ಸ್ 2019ರಲ್ಲಿ ಪ್ರಶ್ನೆ ಎತ್ತಿದ್ದರು. ಹಾಗಾಗಿ ಒಂದೇ ಜಾಗದಲ್ಲಿ ಬಿಡದೆ ಅಳೆದ ಪುಸ್ತಕಕ್ಕೆ ಬೆಲೆ ಇದೆ. ಇಲಾಖೆಯ ಗ್ರಿಡ್‌ನಲ್ಲಿ ಇಲ್ಲ ಅಂತ ಅದನ್ನು ಕಡೆಗಣಿಸಬೇಡಿ.

ಕೆಎಸ್‌ಎನ್‌ಡಿಎಂಸಿಯ (ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ) ಗ್ರಾಮ ಪಂಚಾಯಿತಿ ಮಟ್ಟದ, ಅಂಕಿಯನ್ನು ತಾನೇ ದೂರಕ್ಕೆ ಕಳಿಸುವ ಟೆಲಿಮೆಟ್ರಿಕ್ ಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕೊಡುತ್ತವೆ. ಮಳೆ ಎಷ್ಟು ರಭಸದ್ದು ಅಂತ ತಿಳಿಯಲು ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ದಾಖಲೆ ಇನ್ನೂ ಚಿಕ್ಕದು, ಅದರಿಂದ ಪ್ರವೃತ್ತಿ ಹೇಳಲಾಗದು. ಮಗುಚುವ ಬಟ್ಟಲಿನ ಮಾಪಕಗಳು (ಸಣ್ಣ ಬಟ್ಟಲು ತುಂಬಿ ಮಗುಚಿದ್ದನ್ನು ಎಣಿಸುವಂಥವು) ಧಾರಾಕಾರ ಮಳೆಯಲ್ಲಿ ಸ್ವಲ್ಪ ಕಡಿಮೆ ಓದುತ್ತವೆ, ಬಟ್ಟಲು ಮಗುಚುವ ಆ ಕ್ಷಣದಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗುವುದಿಲ್ಲ.

---

ಉತ್ತರ: ಸರಾಸರಿಯಾಚೆ

ಟ್ರೆಂಡ್‌ಲೈನ್ ನಂಬಬಹುದಾ ಅಂದರೆ, ಸದ್ಯಕ್ಕೆ ಬೇಡ. ನಿಮ್ಮ ಸರಣಿ ಶುರುವಾಗುವುದು 1961ರಲ್ಲಿ, ದೇಶಕ್ಕೇ ಶತಮಾನದ ಅತಿ ಹೆಚ್ಚು ಮುಂಗಾರಿನ ವರ್ಷಗಳಲ್ಲಿ ಒಂದು. ಮುಗಿಯುವುದು 2023ರಲ್ಲಿ, ಕರ್ನಾಟಕದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆಯಾದ ವರ್ಷ. ಎತ್ತರದ ಗೂಟದಿಂದ ತಗ್ಗಿನ ಗೂಟಕ್ಕೆ ಹಗ್ಗ ಕಟ್ಟಿದರೆ ಇಳಿಜಾರಲ್ಲದೆ ಇನ್ನೇನು ಬರುತ್ತೆ? ಮೊದಲ ಎರಡು, ಕೊನೆಯ ಎರಡು ವರ್ಷ ಬಿಟ್ಟು ಮತ್ತೆ ಎಳೆಯಿರಿ. 2024, 2025 ಸೇರಿಸಿಯೂ ಎಳೆಯಿರಿ. ಇಳಿಜಾರು ಅರ್ಧಕ್ಕರ್ಧ ಬದಲಾದರೆ ಅದರಲ್ಲಿ ಹುರುಳಿಲ್ಲ.

ಎಕ್ಸೆಲ್ ಗೆರೆಯ ಬದಲು ಮ್ಯಾನ್–ಕೆಂಡಾಲ್ ಪರೀಕ್ಷೆ (ಸರಣಿ ಒಂದೇ ದಿಕ್ಕಿಗೆ ಸಾಗುತ್ತಿದೆಯಾ ಅಂತ ನೋಡುವುದು), ಜೊತೆಗೆ ಸೆನ್ ಇಳಿಜಾರು (ಎಲ್ಲ ಜೋಡಿ ವರ್ಷಗಳ ಇಳಿಜಾರುಗಳಲ್ಲಿ ನಡುವಿನದ್ದು) ಬಳಸಿ. ಒಂದೆರಡು ಅತಿ ವರ್ಷಗಳು ಇದನ್ನು ಅಷ್ಟಾಗಿ ಎಳೆದಾಡುವುದಿಲ್ಲ. ಪೈಮ್ಯಾನ್‌ಕೆಂಡಾಲ್ ಎಂಬ ಪೈಥಾನ್ ಪೊಟ್ಟಣದಲ್ಲಿ ಎರಡೂ ಒಟ್ಟಿಗೆ ಬರುತ್ತವೆ.

ಆದರೂ ಮುಖ್ಯ ಮಾತು ಬೇರೆ. ಒಂದು ಮಾಪಕ ಎಷ್ಟು ಸಣ್ಣ ಬದಲಾವಣೆಯನ್ನು ಕಾಣಬಲ್ಲದು ಅಂತ ಮೊದಲೇ ಲೆಕ್ಕ ಹಾಕಿ. ಮುಂಗಾರಿನ ಸರಾಸರಿ 2,500 ಮಿ.ಮೀ., ವರ್ಷದಿಂದ ವರ್ಷಕ್ಕೆ ಏರಿಳಿತ (ಮಾನಕ ವಿಚಲನೆ) 500 ಮಿ.ಮೀ. ಅಂತಿಟ್ಟುಕೊಳ್ಳಿ, ನಿಮ್ಮ ನಿಜ ಅಂಕಿ ಹಾಕಿಕೊಳ್ಳಬಹುದು. ಇಳಿಜಾರಿನ ಅನಿಶ್ಚಿತತೆಗೆ ಸರಳ ಸೂತ್ರ ಇದೆ: 12ನ್ನು ವರ್ಷಗಳ ಸಂಖ್ಯೆಯ ಘನದಿಂದ ಭಾಗಿಸಿ, ವರ್ಗಮೂಲ ತೆಗೆದು, ವಿಚಲನೆಯಿಂದ ಗುಣಿಸಿ. 60 ವರ್ಷಕ್ಕೆ ಅದು ವರ್ಷಕ್ಕೆ 3.7 ಮಿ.ಮೀ. ಆಗುತ್ತದೆ. ಅದರ ಎರಡು ಪಟ್ಟಾದರೂ ಇಳಿಜಾರು ಇದ್ದರೆ ಮಾತ್ರ ‘ಇದು ಆಕಸ್ಮಿಕ ಅಲ್ಲ’ ಅನ್ನಬಹುದು. 60 ವರ್ಷದಲ್ಲಿ ಅಷ್ಟು ಅಂದರೆ ಸುಮಾರು 450 ಮಿ.ಮೀ., ಅಂದರೆ ಶೇ. 18. ಅದಕ್ಕಿಂತ ಸಣ್ಣ ಬದಲಾವಣೆ ಆಗಿದ್ದರೂ ನಿಮ್ಮ ಪುಸ್ತಕಕ್ಕೆ ಅದು ಕಾಣಿಸುವುದಿಲ್ಲ. ದಾಖಲೆ 30 ವರ್ಷದ್ದೇ ಆದರೆ ಶೇ. 25 ಬದಲಾಗಬೇಕು.

ಸಚಿವಾಲಯದ ವರದಿ ಹೇಳುವ ಇಳಿಕೆ ಎಷ್ಟು? 1951–2015ರಲ್ಲಿ ದೇಶದ ಮುಂಗಾರು ಸುಮಾರು ಶೇ. 6. ಅದು ಗಂಗಾ ಬಯಲು ಮತ್ತು ಪಶ್ಚಿಮ ಘಟ್ಟದಲ್ಲಿ ಎದ್ದು ಕಾಣುತ್ತದೆ ಅನ್ನುತ್ತಾರೆ. ಅದನ್ನು ಕಂಡುಕೊಂಡದ್ದು ನೂರಾರು ಮಾಪಕ ಸೇರಿಸಿ ಆಕಸ್ಮಿಕ ಏರಿಳಿತದ ಗದ್ದಲ ಇಳಿಸಿದ ಮೇಲೆ. ಒಂದೇ ತೋಟದಲ್ಲಿ ಅದು ಕಾಣದಿದ್ದರೆ ವರದಿ ಸುಳ್ಳು ಅಂತಲ್ಲ. ಕಂಡರೆ ವರದಿ ನಿಜ ಅಂತಲೂ ಅಲ್ಲ. ‘ನಮ್ಮೂರಲ್ಲಿ ಹಾಗೇನಿಲ್ಲ’ ಅಂತ ವಾದಕ್ಕೆ ನಿಲ್ಲುವವರು ಇಲ್ಲೇ ಎಡವುವುದು.

ಮೊತ್ತ ಬಿಡಿ, ಹಂಚಿಕೆ ನೋಡಿ. ಇಲಾಖೆಯ ವ್ಯಾಖ್ಯೆಯಲ್ಲಿ 2.5 ಮಿ.ಮೀ. ಮೇಲಾದರೆ ಮಳೆ ದಿನ. 64.5ರಿಂದ ಭಾರಿ, 115.6ರಿಂದ ಅತಿ ಭಾರಿ, 204.5ರಿಂದ ಅತ್ಯಂತ ಭಾರಿ. ನಿಮ್ಮ ಪುಸ್ತಕದ ಭಾಷೆಯಲ್ಲಿ ಸುಮಾರು 10 ಸೆಂಟು, 2 ಇಂಚು 54, 4 ಇಂಚು 55, 8 ಇಂಚು 5. ಪ್ರತಿ ವರ್ಷಕ್ಕೂ ಇಷ್ಟು ತೆಗೆಯಿರಿ: ಮಳೆ ದಿನಗಳ ಸಂಖ್ಯೆ, ಮಳೆ ದಿನವೊಂದರ ಸರಾಸರಿ ಮಳೆ, ಒಂದು ದಿನದ ಗರಿಷ್ಠ, ಸತತ ಐದು ದಿನದ ಗರಿಷ್ಠ, ಜೂನ್‌–ಸೆಪ್ಟೆಂಬರ್ ಒಳಗಿನ ಅತಿ ಉದ್ದದ ಒಣ ಅವಧಿ. ಗುಡ್ಡ ಜರಿಯುವ ಜಾಗಗಳಿಗೆ ಐದು ದಿನದ ಮೊತ್ತ ಒಂದು ದಿನದ್ದಕ್ಕಿಂತ ಮುಖ್ಯ. 2018ರ ಆಗಸ್ಟಿನಲ್ಲಿ ಕೊಡಗಿನ ಮುಕ್ಕೋಡ್ಲು, ಜೋಡುಪಾಲದ ಕಡೆ ಮಣ್ಣು ಆಗಲೇ ನೀರು ಕುಡಿದು ನಿಂತಿದ್ದಾಗ ಮೇಲಿಂದ ಮತ್ತೆ ಸುರಿಯಿತು.

ಅತಿ ಭಾರಿ ಮಳೆಯಂಥ ಅಪರೂಪದ ದಿನಗಳಿಗೆ ಮ್ಯಾನ್–ಕೆಂಡಾಲ್ ಬೇಡ, ಬಹಳ ವರ್ಷ ಸೊನ್ನೆಯೇ ಇರುತ್ತದೆ. ಅವಧಿಯನ್ನು ಎರಡು ಪಾಲು ಮಾಡಿ ಎಣಿಸಿ. ಉದಾಹರಣೆಗೆ ಮೊದಲ ಪಾಲಿನಲ್ಲಿ 20, ಎರಡನೆಯದರಲ್ಲಿ 30 ದಿನ ಬಂದರೆ ‘ಅರ್ಧಪಟ್ಟು ಹೆಚ್ಚಾಯಿತು’ ಅನ್ನಿಸುತ್ತದೆ. ಆದರೆ ವ್ಯತ್ಯಾಸ 10, ಒಟ್ಟು 50ರ ವರ್ಗಮೂಲ 7. ವ್ಯತ್ಯಾಸ ಆ 7ರ ಎರಡು ಪಟ್ಟಿಗೆ (14) ಮುಟ್ಟಲಿಲ್ಲ, ಆಕಸ್ಮಿಕವೂ ಇರಬಹುದು. 20ಕ್ಕೆ 36 ಬಂದಿದ್ದರೆ ಮಾತು ಬೇರೆ.

---

ಮಂಜಿನಹನಿ:

ಮೂವರಿಗೂ ಧನ್ಯವಾದ. ವಾರದ ಪರೀಕ್ಷೆ ಮಾಡಿದೆ, 1978ರವರೆಗೆ ಭಾನುವಾರದ ಮಳೆ ಸೋಮವಾರಕ್ಕೆ ಹೋಗಿರುವುದು ಸ್ಪಷ್ಟ. ತಾರೀಖೂ ಒಂದು ದಿನ ಹಿಂದೆ ಇದೆ. ಈಗ ಉಳಿದದ್ದು ಕಾರಣದ ಪ್ರಶ್ನೆ. ಗಾಳಿ ಬಿಸಿಯಾದರೆ ಹೆಚ್ಚು ನೀರಾವಿ ಹಿಡಿಯುತ್ತದೆ ಅಂತ ಎಲ್ಲ ಕಡೆ ಓದುತ್ತೇವೆ. ಹಾಗಾದರೆ ಘಟ್ಟದಲ್ಲಿ ಮುಂಗಾರು ಇಳಿಯಬೇಕಾದ್ದು ಯಾಕೆ? ಇನ್ನೊಂದು: ನಕ್ಷತ್ರದ ಲೆಕ್ಕದಲ್ಲಿ ಮಳೆ ಹಂಚಿ ನೋಡಿದರೆ ತಪ್ಪೇನಾದರೂ ಇದೆಯಾ? ತೋಟದವರಿಗೆ ಜೂನ್–ಜುಲೈಗಿಂತ ಆರಿದ್ರಾ–ಪುನರ್ವಸು ಬೇಗ ಅರ್ಥವಾಗುತ್ತದೆ. ಭಾನುವಾರದ ಮಳೆ ಏನು ಮಾಡಲಿ?

---

ಉತ್ತರ: ಘಟ್ಟದಮೋಡ

ಎರಡು ಶಕ್ತಿಗಳು ಎದುರುಬದುರು ಎಳೆಯುತ್ತಿವೆ ಅಂದುಕೊಳ್ಳಿ.

ಒಂದು ನೀರಾವಿ. ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಹಿಡಿಯಬಲ್ಲ ನೀರಾವಿ ಸುಮಾರು ಶೇ. 7 ಹೆಚ್ಚುತ್ತದೆ. ಹಿಂದೂ ಮಹಾಸಾಗರದ ಉಷ್ಣವಲಯದ ಮೇಲ್ಮೈ 1951–2015ರ ನಡುವೆ ಸುಮಾರು 1 ಡಿಗ್ರಿ ಬಿಸಿಯಾಗಿದೆ. ಒಮ್ಮೆ ಮಳೆ ಶುರುವಾದರೆ ಸುರಿಯಲು ಬೇಕಾದ ಸರಕು ಮೊದಲಿಗಿಂತ ಹೆಚ್ಚಿದೆ.

ಇನ್ನೊಂದು ಗಾಳಿಯ ಓಟ. ಮುಂಗಾರು ನಡೆಯುವುದು ನೆಲ ಕಡಲಿಗಿಂತ ಹೆಚ್ಚು ಬಿಸಿಯಾಗುವುದರಿಂದ. ಕಡಲು ಬೇಗ ಬಿಸಿಯಾದರೆ ಆ ಅಂತರ ಕುಗ್ಗುತ್ತದೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಐಐಟಿಎಂನ ರಾಕ್ಸಿ ಮ್ಯಾಥ್ಯೂ ಕೊಲ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದ್ದು ಇದನ್ನೇ. ಜೊತೆಗೆ ಹೊಗೆ, ದೂಳು, ಸಲ್ಫೇಟ್ ಕಣಗಳು ನೆಲಕ್ಕೆ ಬರುವ ಬಿಸಿಲನ್ನು ತಡೆಯುತ್ತವೆ. 20ನೇ ಶತಮಾನದ ಉತ್ತರಾರ್ಧದ ಮುಂಗಾರು ಇಳಿಕೆಯಲ್ಲಿ ಮನುಷ್ಯನಿಂದ ಬಂದ ಈ ಕಣಗಳ ಪಾಲು ದೊಡ್ಡದು ಅಂತ 2011ರಲ್ಲಿ ‘ಸೈನ್ಸ್’ನಲ್ಲಿ ಬಂದ ಬೊಲ್ಲಾಸಿನಾ ಮತ್ತಿತರರ ಅಧ್ಯಯನ ಹೇಳುತ್ತದೆ. ಘಟ್ಟದ ಮಳೆ ಅಂದರೆ ಪಡುವಣ ಗಾಳಿ ಬೆಟ್ಟಕ್ಕೆ ಗುದ್ದಿ ಮೇಲೇರಿ ಸುರಿಸುವ ಮಳೆ. ಗಾಳಿಯ ಹೊನಲು ದುರ್ಬಲವಾದರೆ ಅಥವಾ ಉತ್ತರಕ್ಕೆ ಸರಿದರೆ ಮೊದಲು ಪೆಟ್ಟು ಬೀಳುವುದು ಘಟ್ಟದ ದಕ್ಷಿಣದ ಭಾಗಕ್ಕೆ.

ಆದರೆ ಇದು ಒಂದೇ ದಿಕ್ಕಿನ ಕಥೆಯೂ ಅಲ್ಲ. 2002ರಿಂದ ಈಚೆಗೆ ಮುಂಗಾರು ಮತ್ತೆ ಚೇತರಿಸಿದೆ ಅಂತ ಜಿನ್ ಮತ್ತು ವಾಂಗ್ 2017ರಲ್ಲಿ ತೋರಿಸಿದರು. ಹಾಗಾಗಿ 63 ವರ್ಷಕ್ಕೆ ಒಂದೇ ನೇರ ಗೆರೆ ಎಳೆಯುವುದೇ ಅಷ್ಟು ಸರಿಯಲ್ಲ. 2002ರ ಹಿಂದೆ, ಮುಂದೆ ಬೇರೆ ಮಾಡಿಯೂ ನೋಡಿ.

‘ಮೂರು ಪಟ್ಟು’ ಸುದ್ದಿಯ ಮೂಲ ರಾಕ್ಸಿ ಮತ್ತಿತರರ 2017ರ ‘ನೇಚರ್ ಕಮ್ಯುನಿಕೇಷನ್ಸ್’ ಲೇಖನ. ಅದು 1950–2015ರ ಅವಧಿಯದ್ದು, ದಿನಕ್ಕೆ 150 ಮಿ.ಮೀ. ಮೀರಿ, ವಿಶಾಲ ಪ್ರದೇಶಕ್ಕೆ ಹಬ್ಬುವ ಮಳೆಗಳ ಬಗ್ಗೆ, ಮತ್ತು ಮಧ್ಯ ಭಾರತದ ಬಗ್ಗೆ. ಮಲೆನಾಡಿಗೆ ಅದನ್ನು ಹಾಗೇ ಹೊಂದಿಸಬೇಡಿ. ಪತ್ರಿಕೆಯವರು ‘ಮಧ್ಯ ಭಾರತ’ ಬಿಟ್ಟು ಬರೆಯುತ್ತಾರೆ, ಅಲ್ಲಿಂದಲೇ ಗೊಂದಲ. ಗೋಸ್ವಾಮಿ ಮತ್ತು ಸಂಗಡಿಗರ 2006ರ ಅಧ್ಯಯನವೂ ಮಧ್ಯ ಭಾರತದ್ದೇ. ಅದರ ಸೊಗಸು ಏನೆಂದರೆ, ಭಾರಿ ಮಳೆ ಹೆಚ್ಚಿ, ಸಾಧಾರಣ ಮಳೆ ಕಡಿಮೆಯಾಗಿ, ಮೊತ್ತ ಹೆಚ್ಚೂಕಡಿಮೆ ಅಲ್ಲೇ ನಿಂತಿರುವುದನ್ನು ತೋರಿಸಿತು. ನಿಮ್ಮ ಎರಡು ಸುದ್ದಿಗಳು ಒಟ್ಟಿಗೆ ನಿಜವಾಗುವುದು ಹೀಗೆ.

ನಮ್ಮ ಕಡೆಗೆ ಹತ್ತಿರದ್ದು ಕೊಚ್ಚಿ ವಿಶ್ವವಿದ್ಯಾಲಯದವರ 2022ರ ಕೆಲಸ. ಪಶ್ಚಿಮ ಕರಾವಳಿಯ ಮಳೆ ಹೆಚ್ಚು ಹೆಚ್ಚು ಎತ್ತರದ, ಸಂವಹನದ (ಬಿಸಿ ಗಾಳಿ ಮೇಲೇರಿ ಕಟ್ಟುವ) ಮೋಡಗಳಿಂದ ಬರುತ್ತಿದೆ ಅನ್ನುತ್ತದೆ ಅದು. ಹಳೇ ಮುಂಗಾರು ತಗ್ಗಿನ ಮೋಡದ ಜಿಟಿಜಿಟಿ, ದಿನಗಟ್ಟಲೆ. ಎತ್ತರದ ಮೋಡದ್ದು ಕೆಲವೇ ಗಂಟೆಯ ಸುರಿತ. ಪುಸ್ತಕದಲ್ಲಿ ಇದರ ನೆರಳು ಕಾಣಬೇಕಾದರೆ ಮಳೆ ದಿನಗಳು ಕಡಿಮೆಯಾಗಿ, ದಿನದ ಸರಾಸರಿ ಏರಿರಬೇಕು. ಗಂಟೆಯ ರಭಸ ದಿನದ ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ.

2024ರ ಜುಲೈ 30ರ ವಯನಾಡು ದುರಂತದ ಮಳೆಯ ಬಗ್ಗೆ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ತಂಡದ ಅಂದಾಜು: ಹವಾಮಾನ ಬದಲಾವಣೆಯಿಂದ ಅಂಥ ಒಂದು ದಿನದ ಮಳೆ ಸುಮಾರು ಶೇ. 10 ಹೆಚ್ಚು ತೀವ್ರ. ಅಂದರೆ ಬದಲಾವಣೆ ಇಲ್ಲದಿದ್ದರೆ ಸುಮಾರು 182 ಮಿ.ಮೀ. ಬರುತ್ತಿದ್ದದ್ದು 200 ಆಗಿದೆ, ಹೆಚ್ಚಾದದ್ದು ಸುಮಾರು 18. ಮೇಲೆ ‘ಸರಾಸರಿಯಾಚೆ’ ಹಾಕಿದ ಲೆಕ್ಕದ ಪಕ್ಕ ಇದನ್ನಿಟ್ಟರೆ, ಒಂದು ಪುಸ್ತಕದಿಂದ ಇದನ್ನು ಹಿಡಿಯುವುದು ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಅದಕ್ಕೇ ಅವರು ವೀಕ್ಷಣೆಗಳ ಜೊತೆ ಹತ್ತಾರು ಕಂಪ್ಯೂಟರ್ ಮಾದರಿಗಳನ್ನು ಓಡಿಸುತ್ತಾರೆ.

---

ಉತ್ತರ: ಸರಾಸರಿಯಾಚೆ

ನಕ್ಷತ್ರದ ಹಂಚಿಕೆಯಲ್ಲಿ ತಪ್ಪಿಲ್ಲ. ಅದು ಸೂರ್ಯನ ಲೆಕ್ಕ, ಚಂದ್ರನದ್ದಲ್ಲ, ಹಾಗಾಗಿ ತಾರೀಖು ವರ್ಷ ವರ್ಷ ಓಲಾಡುವುದಿಲ್ಲ. ಮೃಗಶಿರ ಸುಮಾರು ಜೂನ್ 7ಕ್ಕೆ, ಆರಿದ್ರಾ 21ಕ್ಕೆ, ಪುನರ್ವಸು ಜುಲೈ 5ಕ್ಕೆ, ಪುಷ್ಯ 19ಕ್ಕೆ, ಆಶ್ಲೇಷ ಆಗಸ್ಟ್ 2ಕ್ಕೆ ಹುಟ್ಟುತ್ತವೆ. ಸುಮಾರು 70 ವರ್ಷಕ್ಕೆ ಒಂದು ದಿನ ಮುಂದೆ ಸರಿಯುತ್ತದೆ, ನಿಮ್ಮ ಅವಧಿಗೆ ಅದನ್ನು ಮರೆಯಬಹುದು. ಪಂಚಾಂಗ ನೋಡಿ ವರ್ಷಕ್ಕೊಂದು ತಾರೀಖು ಹಾಕದೆ, ಎಲ್ಲ ವರ್ಷಕ್ಕೂ ಒಂದೇ ಗಡಿ ಇಟ್ಟುಕೊಳ್ಳಿ.

ಎಚ್ಚರ ಎರಡು ಕಡೆ ಬೇಕು. 13–14 ದಿನದ ಮೊತ್ತದ ಏರಿಳಿತ ಇಡೀ ಮುಂಗಾರಿನದ್ದಕ್ಕಿಂತ ಬಹಳ ಹೆಚ್ಚು, ಆದ್ದರಿಂದ ಸರಾಸರಿ ಬಿಟ್ಟು ಮಧ್ಯಾಂಕ (ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ ಅಂಕಿ) ಬಳಸಿ. ಎರಡನೆಯದು, 27 ನಕ್ಷತ್ರಕ್ಕೂ ಪರೀಕ್ಷೆ ಮಾಡಿದರೆ, ಶೇ. 5ರ ಮಟ್ಟದಲ್ಲಿ ಏನೂ ಬದಲಾಗದಿದ್ದರೂ ಒಂದೋ ಎರಡೋ ನಕ್ಷತ್ರ ‘ಗಮನಾರ್ಹ’ (ಆಕಸ್ಮಿಕವಲ್ಲ) ಅಂತ ಬರುವ ಸಾಧ್ಯತೆಯೇ ಹೆಚ್ಚು. ‘ಪುಷ್ಯ ಮಳೆ ಸತ್ತೇಹೋಯ್ತು’ ಅಂತ ಘೋಷಿಸುವ ಮೊದಲು ಪಕ್ಕದ ಪುನರ್ವಸು, ಆಶ್ಲೇಷವೂ ಅದೇ ದಿಕ್ಕಿಗೆ ಹೋಗಿವೆಯಾ ನೋಡಿ.

ಭಾನುವಾರದ ಮಳೆಯನ್ನು ಊಹೆಯಿಂದ ಎರಡು ದಿನಕ್ಕೆ ಹಂಚಬೇಡಿ. ಮೊತ್ತಕ್ಕೆ ಹಾಗೇ ಬಳಸಿ. ದಿನದ ಸೂಚಕಗಳಿಗೆ, ಅಂದರೆ ಮಳೆ ದಿನ, ಭಾರಿ ದಿನ, ಒಂದು ದಿನದ ಗರಿಷ್ಠಕ್ಕೆ, ಇಡೀ 63 ವರ್ಷದಲ್ಲೂ ಭಾನುವಾರ–ಸೋಮವಾರ ಎರಡನ್ನೂ ಬಿಟ್ಟು ವಾರಕ್ಕೆ ಐದೇ ದಿನ ಎಣಿಸಿ. 1978ರ ಮುಂಚೆ ಮಾತ್ರ ಬಿಟ್ಟರೆ ಹಿಂದಿನ ವರ್ಷಗಳಲ್ಲಿ ಎಣಿಕೆಯೇ ಕಡಿಮೆಯಾಗಿ ಮತ್ತೊಂದು ಸುಳ್ಳು ಏರಿಕೆ ಹುಟ್ಟುತ್ತದೆ. ಐದು ದಿನದ ಗರಿಷ್ಠಕ್ಕೆ ಇದರಿಂದ ಅಷ್ಟು ತೊಂದರೆಯಿಲ್ಲ.

---

ಉತ್ತರ: ಹೂಮಳೆ

ಮುಂಗಾರಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ಕಾಫಿಗೆ ನಿರ್ಣಾಯಕ ಮಳೆ ವರ್ಷದ ಮೊತ್ತದಲ್ಲಿ ಶೇ. 5 ಕೂಡ ಇರುವುದಿಲ್ಲ. ಈ ಪುಸ್ತಕದಿಂದ ತೋಟಕ್ಕೆ ನೇರ ಉಪಯೋಗ ಆಗುವ ಲೆಕ್ಕ ಮೂರು.

ಹೂ ಮಳೆ (ಕಾಫಿ ಮೊಗ್ಗು ಅರಳಿಸುವ ಮಳೆ): ಫೆಬ್ರವರಿ 1ರಿಂದ ಏಪ್ರಿಲ್ 15ರೊಳಗೆ, ಒಂದೆರಡು ದಿನದಲ್ಲಿ ಸೇರಿ 25 ಮಿ.ಮೀ. (ಒಂದು ಇಂಚು) ಮೊದಲು ಬಂದ ತಾರೀಖು ಯಾವುದು? ಬರದ ವರ್ಷಗಳೆಷ್ಟು? ಮೊಗ್ಗು ಸಿದ್ಧವಾಗಿದ್ದಾಗ ಅರ್ಧಂಬರ್ಧ 5–10 ಮಿ.ಮೀ. ಬಿದ್ದು ನಿಂತ ವರ್ಷಗಳನ್ನು ಬೇರೆ ಎಣಿಸಿ. ಅವು ಮಳೆಯೇ ಬಾರದ ವರ್ಷಕ್ಕಿಂತ ಕೆಟ್ಟವು, ಮೊಗ್ಗು ಎದ್ದು ಪೂರ್ತಿ ಅರಳದೆ ಹಾಳಾಗುತ್ತದೆ.

ಬ್ಯಾಕಿಂಗ್ ಮಳೆ (ಹೂವಾದ ಮೇಲೆ ಕಾಯಿ ಕಟ್ಟಲು ಬೇಕಾದ ಮಳೆ): ಹೂವಾದ 15–20 ದಿನದ ಸುಮಾರಿಗೆ ಮುಕ್ಕಾಲು, ಒಂದು ಇಂಚು ಬಂದಿದೆಯಾ? ಎರಡೂ ಸರಿಯಾಗಿ ಬಿದ್ದ ವರ್ಷಗಳ ಪ್ರಮಾಣ ದಶಕ ದಶಕಕ್ಕೆ ಹೇಗಿದೆ ಅನ್ನೋದೇ ರೋಬಸ್ಟಾ ತೋಟಕ್ಕೆ ಬೇಕಾದ ಅಂಕಿ. ಅದು ಅರ್ಧಕ್ಕಿಂತ ಕೆಳಗಿದ್ದರೆ ಸ್ಪ್ರಿಂಕ್ಲರ್‌ಗೆ ಕೆರೆಯಲ್ಲಿ ನೀರು ಹಿಡಿದಿಡಲೇಬೇಕು. ಒಂದೂವರೆ ಇಂಚು ಹಾಯಿಸಲು ಎಕರೆಗೆ ಸುಮಾರು 1.54 ಲಕ್ಷ ಲೀಟರ್ ಬೇಕು, ಆವಿ ಮತ್ತು ಸೋರಿಕೆ ಬೇರೆ.

ಕೊಯ್ಲಿನ ಮಳೆ: ನವೆಂಬರ್‌ನಿಂದ ಜನವರಿವರೆಗಿನ ಮಳೆ ದಿನಗಳು. ಇಲ್ಲಿ ಮಿ.ಮೀ. ಮುಖ್ಯವಲ್ಲ, ದಿನ ಮುಖ್ಯ. ಕಣದಲ್ಲಿ ಹರಡಿದ ಹಣ್ಣಿಗೆ 3 ಮಿ.ಮೀ. ಆದರೂ 30 ಆದರೂ ಬೂಷ್ಟು ಹಿಡಿಯುವುದು ಒಂದೇ. ಅರಬ್ಬಿ ಸಮುದ್ರದ ಚಂಡಮಾರುತಗಳು 1982–2019ರಲ್ಲಿ ಶೇ. 52 ಹೆಚ್ಚಿವೆ ಅಂತ ಐಐಟಿಎಂನ 2021ರ ಅಧ್ಯಯನ ಹೇಳುತ್ತದೆ. ಅವು ಬರುವುದು ಮುಂಗಾರಿನ ಮುಂಚೆ ಮತ್ತು ನಂತರ. ಆದ್ದರಿಂದ ಮೇ ತಿಂಗಳನ್ನೂ ಅಕ್ಟೋಬರ್–ಡಿಸೆಂಬರನ್ನೂ ಬೇರೆ ಕಂಬಸಾಲಲ್ಲಿ ಇಡಿ.

ಸಾಧ್ಯವಿದ್ದರೆ ಕನಿಷ್ಠ–ಗರಿಷ್ಠ ಥರ್ಮಾಮೀಟರ್ ಒಂದನ್ನು ನೆರಳಿನ ಪೆಟ್ಟಿಗೆಯಲ್ಲಿ ಇಟ್ಟು ಬರೆಯಲು ಶುರು ಮಾಡಿ. ವಿಯೆಟ್ನಾಂ, ಇಂಡೋನೇಷ್ಯಾದ ರೋಬಸ್ಟಾ ತೋಟಗಳ ಮೇಲೆ 2020ರಲ್ಲಿ ಬಂದ ಅಧ್ಯಯನದಲ್ಲಿ, ಸರಾಸರಿ ಕನಿಷ್ಠ 16.2, ಗರಿಷ್ಠ 24.1 ಡಿಗ್ರಿ ಮೀರಿದ ಮೇಲೆ ಪ್ರತಿ ಡಿಗ್ರಿಗೆ ಇಳುವರಿ ಸುಮಾರು ಶೇ. 14 ಕುಸಿಯುತ್ತದೆ ಅಂತ ಕಂಡಿದೆ. ನಮ್ಮ ನೆರಳಿನ ತೋಟಕ್ಕೆ ಅದೇ ಅಂಕಿ ಹಾಕಬೇಡಿ, ಅಲ್ಲಿ ಬಹುಪಾಲು ಬಿಸಿಲಿನ ಕಾಫಿ. ಆದರೆ ‘ರೋಬಸ್ಟಾ ಎಷ್ಟು ಬಿಸಿಯನ್ನೂ ತಡೆಯುತ್ತೆ’ ಅನ್ನುವ ಮಾತನ್ನು ಅದು ಒಪ್ಪುವುದಿಲ್ಲ. ಉಷ್ಣಾಂಶದ ಏರಿಳಿತ ಮಳೆಯಷ್ಟು ಇಲ್ಲದ್ದರಿಂದ ಬದಲಾವಣೆ 20–30 ವರ್ಷದಲ್ಲೇ ಕಾಣುತ್ತದೆ.

---

ಮಂಜಿನಹನಿ:

ಮಾಪಕದ ಪಕ್ಕ ಈಗ ದೊಡ್ಡ ಸಿಲ್ವರ್ ಓಕ್ ಇದೆ, ಬಾಯಿಯಿಂದ ಸುಮಾರು 12 ಅಡಿ ದೂರ. ಕೂಡಿಸಿ ಎಳೆದ ಗೆರೆಯೂ 1990ರ ನಂತರ ನಿಧಾನಕ್ಕೆ ಬಾಗಿದೆ. ಮಾಪಕವನ್ನೇ ಕಣದ ಪಕ್ಕಕ್ಕೆ ಎತ್ತಿಡಬಹುದಾ?

---

ಉತ್ತರ: ಅಳತೆಗಾಜು

ಎತ್ತಬೇಡಿ, ಮರವನ್ನೂ ಈಗಲೇ ಕಡಿಯಬೇಡಿ. ಕಣದ ಪಕ್ಕ ಅದೇ ಬಾಯಿಯ ಇನ್ನೊಂದು ಮಾಪಕ ನೆಡಿ. ಕಾಂಕ್ರೀಟಿನಿಂದ ಹನಿ ಸಿಡಿಯದಂತೆ ಸುತ್ತ ಹುಲ್ಲು ಇರಲಿ. ಎರಡು ಮುಂಗಾರು, ಕನಿಷ್ಠ 100 ಮಳೆ ದಿನ, ಎರಡನ್ನೂ ಒಂದೇ ಹೊತ್ತಿಗೆ ಅಳೆಯಿರಿ. ಆಮೇಲೆ ಹಳೆಯದನ್ನು ಹೊಸದರಿಂದ ಭಾಗಿಸಿ ಅನುಪಾತ ತೆಗೆಯಿರಿ. ಸಣ್ಣ ಮಳೆಗೆ, ಗಾಳಿ ಮಳೆಗೆ, ದೊಡ್ಡ ಮಳೆಗೆ ಬೇರೆ ಬೇರೆ ಅನುಪಾತ ಬರುತ್ತದೆ, ಒಂದೇ ಗುಣಕ ಸಾಲದು.

ಆ ಅನುಪಾತ ಇಂದಿನ ಮರದ್ದು. 1990ರ ಮರದ್ದಲ್ಲ. ಹಿಂದಕ್ಕೆ ತಿದ್ದುವಾಗ ಅಕ್ಕಪಕ್ಕದ ತೋಟಗಳ ಜೊತೆ ಎಳೆದ ಗೆರೆಯ ಬಾಗನ್ನೇ ಆಧಾರ ಮಾಡಿಕೊಳ್ಳಿ. ತಿದ್ದಿದ ಸರಣಿಯನ್ನು ಬೇರೆ ಕಡತದಲ್ಲಿಡಿ, ಮೂಲ ಅಂಕಿ ಮುಟ್ಟಬೇಡಿ. ಮಾಪಕ ಬದಲಾದ ತಾರೀಖು, ಬಾಯಿಯ ಅಗಲ, ಗಾಜಿನ ಗುರುತು, ಮರದ ದೂರ ಮತ್ತು ಎತ್ತರ, ಇವಿಷ್ಟನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ. ಮುಂದೆ ಬರುವ ರೈಟರಿಗೆ ಮೊದಲು ಬೇಕಾಗುವುದು ಅದೇ.